ಥರ್ಮಾಕೋಲ್ ಚೆಂಡಿನ ಅಲಂಕಾರ: ಅಂಟು ಯಾವುದು, ಪಿನ್ ಎಷ್ಟುದ್ದ ಎಂಬುದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಹಬ್ಬಗಳು ಹತ್ತಿರ ಬಂದವೆಂದರೆ ಪುರವಣಿಗಳಲ್ಲಿ ಥರ್ಮಾಕೋಲ್ ಚೆಂಡಿನಿಂದ ಮಿರಮಿರ ಮಿನುಗುವ ತೂಗು ಅಲಂಕಾರ, ಸರ, ಕಿವಿಯೋಲೆ ಮಾಡುವ ಬಗೆ ಒಂದರ ಹಿಂದೊಂದು ಬರುತ್ತದೆ. ಚಿತ್ರಗಳು ಚೆನ್ನಾಗಿಯೇ ಇರುತ್ತವೆ. ಪಕ್ಕದ ನಾಲ್ಕು ಸಾಲಿನಲ್ಲಿ ಮಾತ್ರ ‘ಚೆಂಡಿಗೆ ಅಂಟು ಹಚ್ಚಿ, ಗ್ಲಿಟರ್ ಉದುರಿಸಿ, ಒಣಗಿದ ಮೇಲೆ ದಾರ ಕಟ್ಟಿ ತೂಗುಹಾಕಿ’ ಎಂದಿಷ್ಟೇ ಇರುತ್ತದೆ. ಯಾವ ಅಂಟು? ಚೆಂಡು ಎಷ್ಟು ದೊಡ್ಡದು? ನುಣ್ಣಗಿನ ಚೆಂಡಿನಲ್ಲಿ ದಾರ ಕಟ್ಟುವುದು ಎಲ್ಲಿಗೆ? ಈ ಮೂರಕ್ಕೆ ಉತ್ತರವಿಲ್ಲದೆ ಕೆಲಸಕ್ಕೆ ಕೂತವರ ಚೆಂಡು ಅರ್ಧ ದಾರಿಯಲ್ಲೇ ಕರಗುತ್ತದೆ, ಇಲ್ಲವೇ ತೂಗುಹಾಕಿದ ಮರುದಿನ ಕೆಳಗೆ ಬೀಳುತ್ತದೆ. ತಪ್ಪು ಕೈಯದಲ್ಲ, ಅರ್ಧಕ್ಕೇ ನಿಂತ ಬರಹದ್ದು. ಈ ಕೆಲಸ ಮಾಡುವ, ಕಲಿಸುವ ನಮ್ಮ ಕಡೆಯಿಂದ, ಆ ಬರಹಗಳಲ್ಲಿ ಬಿಟ್ಟುಹೋಗುವ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇವೆ. ಪತ್ರ ಉದ್ದವಾಯಿತು, ವಿಷಯವೇ ಹಾಗಿದೆ.

ಮೊದಲು ಅಂಟು. ಥರ್ಮಾಕೋಲ್ ಎಂದರೆ ಉಬ್ಬಿಸಿದ ಪಾಲಿಸ್ಟೈರೀನ್. ಅದರ ಗಾತ್ರದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಬರೀ ಗಾಳಿ. ಉಳಿದದ್ದು ಆ ಗಾಳಿಯನ್ನು ಹಿಡಿದಿಟ್ಟ ತೆಳ್ಳನೆಯ ಪ್ಲಾಸ್ಟಿಕ್ ಗೋಡೆಗಳು. ಅಸಿಟೋನ್, ಟಾಲೀನ್, ಕ್ಸೈಲೀನ್, ಈಥೈಲ್ ಅಸಿಟೇಟ್ ಇವೆಲ್ಲ ಆ ಗೋಡೆಗಳನ್ನು ಕರಗಿಸುತ್ತವೆ. ಗೋಡೆ ಹೋದರೆ ಗಾಳಿಯೂ ಹೋಯಿತು. ಚೆಂಡಿನ ಜಾಗದಲ್ಲಿ ಜಿಗುಟಾದ ಒಂದು ಸಿಪ್ಪೆ ಉಳಿಯುತ್ತದೆ. ಚಪ್ಪಲಿ, ಚರ್ಮ ಅಂಟಿಸುವ ಹಳದಿ ರಬ್ಬರ್ ಅಂಟು, ಸಾಮಾನ್ಯ ಸ್ಪ್ರೇ ಪೇಂಟ್, ಎನಾಮೆಲ್ ಬಣ್ಣ, ನೇಲ್ ಪಾಲಿಶ್, ಅದನ್ನು ಅಳಿಸುವ ರಿಮೂವರ್ ಎಲ್ಲದರಲ್ಲೂ ಇಂಥ ದ್ರಾವಕಗಳಲ್ಲಿ ಒಂದಲ್ಲ ಒಂದು ಇದ್ದೇ ಇರುತ್ತದೆ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂಗೆ ದ್ರಾವಕವೇ ಬೇಕಿಲ್ಲ, ಆ ಅಂಟೇ ಥರ್ಮಾಕೋಲನ್ನು ತಿನ್ನುತ್ತದೆ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಕೂಡ ಇದೇ ಕೆಲಸ ಮಾಡುತ್ತದೆ. ಅಲಂಕಾರ ಘಮಘಮಿಸಲಿ ಎಂದು ಚೆಂಡಿಗೆ ಸುಗಂಧ ತೈಲ ಸವರುವ ಸಲಹೆ ಆಗಾಗ ಕಣ್ಣಿಗೆ ಬೀಳುತ್ತದೆ. ಕಿತ್ತಳೆ, ನಿಂಬೆ ಜಾತಿಯ ಎಣ್ಣೆಯಾದರೆ ತಾಗಿದಲ್ಲೆಲ್ಲ ಗುಳಿ ಬೀಳುತ್ತದೆ.

ಬಳಸಬೇಕಾದದ್ದು ನೀರಿನ ಮೂಲದ ಬಿಳಿ ಪಿವಿಎ ಗೋಂದು, ನೀರಿನ ಮೂಲದ ಅಕ್ರಿಲಿಕ್ ಬಣ್ಣ ಮತ್ತು ನೀರಿನ ಮೂಲದ ವಾರ್ನಿಷ್. ಗುರುತಿಸುವುದು ಸುಲಭ: ಕುಂಚವನ್ನು ನೀರಿನಲ್ಲಿ ತೊಳೆಯಿರಿ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ತೆಗೆದುಕೊಳ್ಳಿ, ಥಿನ್ನರ್‌ನಲ್ಲಿ ತೊಳೆಯಿರಿ ಎಂದಿದ್ದರೆ ಬಿಡಿ. ಏನೂ ಬರೆದಿಲ್ಲದಿದ್ದರೆ ಒಡೆದ ಚೆಂಡಿನ ಚೂರಿನ ಮೇಲೆ ಒಂದು ಹನಿ ಹಾಕಿ ಹದಿನೈದು ನಿಮಿಷ ಬಿಟ್ಟು ಟೂತ್‌ಪಿಕ್‌ನಿಂದ ಒತ್ತಿ ನೋಡಬೇಕು. ಗುಳಿ ಬಿದ್ದು ಒಳಗೆ ಹೊಳಪು ಕಂಡರೆ ಅದು ನಮಗೆ ಬೇಡ. ಗಟ್ಟಿ ಹೊಳಪಿನ ಹೊದಿಕೆ ಬೇಕೆನ್ನುವವರು ಎರಡು ಭಾಗ ಬೆರೆಸುವ ಎಪಾಕ್ಸಿ ರೆಸಿನ್ ತೆಳುವಾಗಿ ಹಚ್ಚಬಹುದು. ಪಾಲಿಯೆಸ್ಟರ್ ರೆಸಿನ್ ಮಾತ್ರ ಕೂಡದು, ಅದರಲ್ಲಿ ಥರ್ಮಾಕೋಲನ್ನು ಕರಗಿಸುವ ಸ್ಟೈರೀನ್ ಇರುತ್ತದೆ. ಎರಡೂ ನೋಡಲು ಒಂದೇ ತರಹದ ಬಾಟಲಿಗಳಲ್ಲಿ ಬರುತ್ತವೆ, ಆದ್ದರಿಂದ ಚೀಟಿ ಓದದೆ ಮುಚ್ಚಳ ತೆಗೆಯಬಾರದು.

ಗ್ಲೂ ಗನ್ ಬಗ್ಗೆಯೂ ಇಲ್ಲೇ ಹೇಳಿಬಿಡಬೇಕು. ಹೆಚ್ಚು ಬಿಸಿಯ ಗನ್ನಿನಿಂದ ಬರುವ ಅಂಟು ಸುಮಾರು 190 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಕಡಿಮೆ ಬಿಸಿಯದರಲ್ಲಿ ಸುಮಾರು 120. ಪಾಲಿಸ್ಟೈರೀನ್ 100ರ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಅಂದರೆ ಎರಡೂ ಅಪಾಯವೇ, ಒಂದು ಕಡಿಮೆ ಅಪಾಯ ಅಷ್ಟೆ. ಅಂಟನ್ನು ಚೆಂಡಿನ ಮೇಲೆ ಸುರಿಯದೆ, ಅಂಟಿಸಬೇಕಾದ ರಿಬ್ಬನ್ ಅಥವಾ ಲೇಸಿನ ಬೆನ್ನಿಗೆ ಒಂದು ಚುಕ್ಕೆ ಹಾಕಿ, ಮನಸ್ಸಿನಲ್ಲೇ ಐದು ಎಣಿಸಿ, ಆಮೇಲೆ ಒತ್ತಿದರೆ ಗುಳಿ ಬೀಳುವುದಿಲ್ಲ. ಗನ್ನಿನ ತುದಿ ಚೆಂಡಿಗೆ ತಾಗಲೇಬಾರದು.

ಇನ್ನು ಚೆಂಡು. ಅಂಗಡಿಯಲ್ಲಿ ಸಿಗುವ ಎಲ್ಲ ಚೆಂಡೂ ಒಂದೇ ಅಲ್ಲ. ಕೆಲವದರಲ್ಲಿ ಕಾಳುಕಾಳಾಗಿ ಗುಳ್ಳೆಗಳು ಕಾಣುತ್ತವೆ, ಬೆರಳಿನಿಂದ ಕೆರೆದರೆ ಕಾಳು ಉದುರುತ್ತದೆ. ಕೆಲವು ಬಿಗಿಯಾಗಿ, ನುಣ್ಣಗೆ ಇರುತ್ತವೆ. ಪಿನ್ ಚುಚ್ಚುವ ಕೆಲಸಕ್ಕೆ ಬಿಗಿಯಾದದ್ದೇ ಬೇಕು. ಕಾಳು ಉದುರುವ ಚೆಂಡಿನಲ್ಲಿ ಪಿನ್ ಎರಡು ಕಾಳಿನ ನಡುವಿನ ಸಂದಿಗೆ ಹೋದರೆ ಹಿಡಿತವೇ ಇರುವುದಿಲ್ಲ. ಬಟ್ಟೆ ಹೊದಿಸುವುದಕ್ಕೆ, ದಾರ ಸುತ್ತುವುದಕ್ಕೆ ಯಾವುದಾದರೂ ನಡೆಯುತ್ತದೆ. ಅಚ್ಚಿನ ಎರಡು ಭಾಗ ಸೇರಿದ ಕಡೆ ಚೆಂಡಿನ ಸುತ್ತ ಒಂದು ಏಣು ಇರುತ್ತದೆ. ಅದನ್ನು 220 ನಂಬರಿನ ಮರಳು ಕಾಗದದಿಂದ ಮೆಲ್ಲಗೆ ಉಜ್ಜಿ ತೆಗೆಯಬೇಕು. ಕಾಗದ ಇಲ್ಲದಿದ್ದರೆ ಎರಡು ಚೆಂಡನ್ನು ಒಂದಕ್ಕೊಂದು ಉಜ್ಜಿದರೂ ಆದೀತು. ಪುಡಿ ಸ್ಥಿರ ವಿದ್ಯುತ್ತಿನಿಂದ ಬಟ್ಟೆಗೂ ಕೈಗೂ ಮೆತ್ತಿಕೊಳ್ಳುತ್ತದೆ. ಊದಿದರೆ ಮನೆಯೆಲ್ಲ ಹರಡುವುದು ಬಿಟ್ಟರೆ ಬೇರೇನೂ ಆಗದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ತೂಗುಹಾಕುವ ಕೊಂಡಿಯನ್ನು ಕೊನೆಗೆ ಬಿಡುವುದು ಈ ಬರಹಗಳ ದೊಡ್ಡ ದೋಷ. ಅದು ಅಲಂಕಾರಕ್ಕಿಂತ ಮೊದಲೇ ಆಗಬೇಕು. 7.5 ಸೆಂ.ಮೀ. ವ್ಯಾಸದ ಬರೀ ಚೆಂಡಿನ ತೂಕ ನಾಲ್ಕೈದು ಗ್ರಾಂ ಇದ್ದೀತು. ಅದನ್ನು ಒಂದು ಗುಂಡುಪಿನ್ ಚುಚ್ಚಿ ನೇತುಹಾಕಬಹುದು. ಚಮಕಿ, ಮಣಿ, ಐನೂರು ಚಿಲ್ಲರೆ ಪಿನ್ನು ಸೇರಿದ ಮೇಲೆ ಅದೇ ಚೆಂಡು 20 ಗ್ರಾಂ ದಾಟುತ್ತದೆ, ಆಗ ಆ ಒಂಟಿ ಪಿನ್ ದಿನೇ ದಿನೇ ಜಾರಿ ಕಡೆಗೊಂದು ದಿನ ಕಳಚಿಕೊಳ್ಳುತ್ತದೆ. ಸರಿಯಾದ ದಾರಿ ಇದು: ಬಿದಿರಿನ ಕಡ್ಡಿಯಿಂದ ಚೆಂಡಿನ ನಡುಮಧ್ಯದ ಮೂಲಕ ಆಚೆಗೆ ತೂತು ತೆಗೆಯಿರಿ. ಕಡ್ಡಿಯನ್ನು ತಿರುಗಿಸುತ್ತಾ ತಳ್ಳಬೇಕು, ಒಂದೇ ಸಲ ಒತ್ತಿದರೆ ಹೊರಬರುವ ಕಡೆ ಚಕ್ಕೆ ಏಳುತ್ತದೆ. ಎರಡೂ ಕಡೆಯಿಂದ ಅರ್ಧರ್ಧ ಚುಚ್ಚಿದರೆ ಇನ್ನೂ ಒಳ್ಳೆಯದು. ಜೋಡಿ ನೈಲಾನ್ ದಾರವನ್ನು ಉದ್ದ ಸೂಜಿಯಲ್ಲಿ ಪೋಣಿಸಿ, ಕೆಳಗೆ ಒಂದು ಮಣಿ, ಅದರ ಮೇಲೆ ಚೆಂಡಿಗೆ ಒರಗುವ ಹಾಗೆ ಒಂದು ಚಪ್ಪಟೆ ಗುಂಡಿ ಹಾಕಿ ಮೇಲಕ್ಕೆಳೆಯಿರಿ. ಭಾರವೆಲ್ಲ ಗುಂಡಿಯ ಮೇಲೆ ಬೀಳುತ್ತದೆ, ಥರ್ಮಾಕೋಲ್ ಸೀಳುವುದಿಲ್ಲ. ಗುಂಡಿಯನ್ನು ಮುಚ್ಚಲು ಕೊನೆಗೆ ಒಂದು ಕುಚ್ಚು ಅಂಟಿಸಿದರಾಯಿತು.

ಗ್ಲಿಟರ್ ಹಾಕುವ ಮೊದಲು ಚೆಂಡಿಗೆ ಬಣ್ಣ ಬೇಕು. ಇದನ್ನು ಬಹುತೇಕ ಯಾರೂ ಬರೆಯುವುದಿಲ್ಲ. ಗ್ಲಿಟರ್ ಎಷ್ಟೇ ಒತ್ತಾಗಿ ಹಾಕಿದರೂ ಕಣಗಳ ನಡುವೆ ಚೂರು ಚೂರು ಖಾಲಿ ಉಳಿಯುತ್ತದೆ. ಆ ಖಾಲಿಯಲ್ಲಿ ಬಿಳಿ ಇಣುಕಿದರೆ ಕೆಂಪು ಗ್ಲಿಟರ್ ಕೂಡ ಸಪ್ಪೆಯಾಗಿ ಗುಲಾಬಿಯ ಹಾಗೆ ಕಾಣುತ್ತದೆ. ಗ್ಲಿಟರ್‌ನ ಬಣ್ಣವನ್ನೇ ಹೋಲುವ ಅಕ್ರಿಲಿಕ್ ಬಣ್ಣ ಎರಡು ಕೈ ಹಚ್ಚಿ. ಮೇಲ್ಮೈ ನುಣ್ಣಗೆ ಬೇಕಿದ್ದರೆ ಬಣ್ಣಕ್ಕೂ ಮೊದಲು ಎರಡು ಭಾಗ ಗೋಂದಿಗೆ ಒಂದು ಭಾಗ ನೀರು ಬೆರೆಸಿ, ತೆಳ್ಳನೆಯ ಟಿಶ್ಯೂ ಕಾಗದದ ಬೆರಳಗಲದ ಪಟ್ಟಿಗಳನ್ನು ಅಂಟಿಸಿ ಎರಡು ಪದರ ಹೊದಿಸಿ. ಅಗಲ ಪಟ್ಟಿ ಹಾಕಿದರೆ ಗುಂಡನೆಯ ಮೈಮೇಲೆ ಸುಕ್ಕು ಬೀಳುತ್ತದೆ. ಒಣಗಿದ ಮೇಲೆ ಚೆಂಡು ಗಟ್ಟಿಯೂ ಆಗಿರುತ್ತದೆ, ಉಗುರು ತಾಗಿದರೆ ಗುಳಿ ಬೀಳುವುದಿಲ್ಲ. ಹೀಗೆ ಕಾಗದ ಹೊದಿಸಿದೆವಲ್ಲ, ಇನ್ನು ಸ್ಪ್ರೇ ಪೇಂಟ್ ಹೊಡೆಯಬಹುದು ಎಂದು ಕೆಲವರು ಹೇಳುತ್ತಾರೆ. ಸೂಜಿಮೊನೆಯಷ್ಟು ರಂಧ್ರ ಉಳಿದಿದ್ದರೂ ದ್ರಾವಕ ಒಳಗಿಳಿದು ಕಾಗದದ ಕೆಳಗೆ ಟೊಳ್ಳು ಮಾಡುತ್ತದೆ. ಹೊರಗಿನಿಂದ ಕಾಣುವುದೂ ಇಲ್ಲ, ಒತ್ತಿದಾಗ ಗೊತ್ತಾಗುತ್ತದೆ. ಅಷ್ಟು ಪಾಡು ಯಾಕೆ?

ಗ್ಲಿಟರ್ ಹಚ್ಚುವಾಗ ಚೆಂಡನ್ನು ಟೂತ್‌ಪಿಕ್ ಅಥವಾ ಬಿದಿರಿನ ಕಡ್ಡಿಗೆ ಚುಚ್ಚಿ ಹಿಡಿದುಕೊಳ್ಳಿ. ಗೋಂದನ್ನು ತೆಳುವಾಗಿ, ಸಮನಾಗಿ ಹಚ್ಚಬೇಕು. ಥರ್ಮಾಕೋಲ್ ನೀರು ಹೀರುವುದಿಲ್ಲ. ಗೋಂದಿನಲ್ಲಿರುವ ನೀರಷ್ಟೂ ಹೊರಗಡೆಯಿಂದಲೇ ಆರಬೇಕು. ದಪ್ಪ ಹಚ್ಚಿದರೆ ಅದು ಆರುವುದಕ್ಕೆ ಮೊದಲೇ ಇಳಿದು ಚೆಂಡಿನ ತಳದಲ್ಲಿ ಹನಿಗಟ್ಟುತ್ತದೆ, ಗ್ಲಿಟರನ್ನೂ ಎಳೆದುಕೊಂಡು ಹೋಗುತ್ತದೆ. ಕೆಳಗೆ ಮಡಿಸಿದ ಕಾಗದ ಹಾಸಿ, ಮೇಲಿಂದ ಗ್ಲಿಟರ್ ಉದುರಿಸುತ್ತಾ ಕಡ್ಡಿಯನ್ನು ಬೆರಳಲ್ಲಿ ತಿರುಗಿಸುತ್ತಾ ಹೋಗಿ. ಗ್ಲಿಟರ್ ತುಂಬಿದ ತಟ್ಟೆಯಲ್ಲಿ ಚೆಂಡನ್ನು ಉರುಳಿಸುವುದು ಬೇಗ ಮುಗಿಯುವ ಕೆಲಸ ನಿಜ, ಆದರೆ ಉರುಳಿದ ಕಡೆ ಗೋಂದು ಒರೆಸಿಹೋಗುತ್ತದೆ ಮತ್ತು ತಟ್ಟೆಯಲ್ಲಿ ಉಳಿದ ಗ್ಲಿಟರ್ ಒದ್ದೆಯಾಗಿ ಗಂಟುಗಟ್ಟುತ್ತದೆ. ನಮಗೆ ಅದು ಹಿಡಿಸುವುದಿಲ್ಲ. ಉದುರಿಸಿದ ಮೇಲೆ ಕಡ್ಡಿಯನ್ನು ಎರಡು ಸಲ ತಟ್ಟಿ, ಒಂದು ಥರ್ಮಾಕೋಲ್ ಹಲಗೆಗೆ ನೆಟ್ಟು ಎರಡು ಮೂರು ತಾಸು ಒಣಗಿಸಿ. ತೇವದ ದಿನಗಳಲ್ಲಿ ಇನ್ನೂ ಹೊತ್ತು ಬೇಕು. ಬೇಗ ಆಗಲೆಂದು ಹೇರ್ ಡ್ರೈಯರ್‌ನ ಬಿಸಿಗಾಳಿ ಹಿಡಿದರೆ ಒಳಗಿನ ಗಾಳಿ ಹಿಗ್ಗಿ ಗೋಂದಿನ ಪದರದಲ್ಲಿ ಗುಳ್ಳೆ ಏಳುತ್ತದೆ. ಫ್ಯಾನಿನ ಗಾಳಿ ಸಾಕು. ಆಮೇಲೆ ಇನ್ನೊಂದು ಕೈ.

ದಪ್ಪ ಕಣದ ಗ್ಲಿಟರ್ ಸುಮಾರು 1 ಮಿ.ಮೀ., ಸಣ್ಣದು 0.2 ಮಿ.ಮೀ. ಇರುತ್ತದೆ. ಮೊದಲ ಪದರಕ್ಕೆ ದಪ್ಪದ್ದು, ಎರಡನೆಯದಕ್ಕೆ ಸಣ್ಣದು ಹಾಕಿದರೆ ಸಣ್ಣ ಕಣಗಳು ಸಂದಿಗಳಲ್ಲಿ ಹೋಗಿ ಕೂರುತ್ತವೆ. ಇಡೀ ಕೆಲಸದಲ್ಲಿ ಕಣ್ಣಿಗೆ ಎದ್ದು ಕಾಣುವ ವ್ಯತ್ಯಾಸ ಬರುವುದು ಇಲ್ಲೇ. ಕೊನೆಗೆ ನೀರು ಬೆರೆಸಿದ ಗೋಂದು ಅಥವಾ ವಾರ್ನಿಷ್ ಒಂದು ಕೈ ಹಚ್ಚದಿದ್ದರೆ ಗ್ಲಿಟರ್ ವರ್ಷಪೂರ್ತಿ ಉದುರುತ್ತಲೇ ಇರುತ್ತದೆ. ಹಚ್ಚಿದರೆ ಹೊಳಪು ಸ್ವಲ್ಪ ಮಂಕಾಗುತ್ತದೆ ಎಂಬುದೂ ನಿಜ. ತೂಗುಹಾಕಿ ಯಾರೂ ಮುಟ್ಟದ ಅಲಂಕಾರವಾದರೆ ಹೊಳಪೇ ಇರಲಿ ಎಂದು ಬಿಡಬಹುದು. ಮೈಮೇಲೆ ತೊಡುವ ಆಭರಣಕ್ಕೆ ಹಚ್ಚಲೇಬೇಕು. ಸಾಮಾನ್ಯ ಗ್ಲಿಟರ್ ಅಲ್ಯೂಮಿನಿಯಂ ಲೇಪಿಸಿದ ಪ್ಲಾಸ್ಟಿಕ್ ಹಾಳೆಯ ಚೂರು. ಐರೋಪ್ಯ ಒಕ್ಕೂಟದಲ್ಲಿ ಕರಗದ, ಕೊಳೆಯದ ಪ್ಲಾಸ್ಟಿಕ್‌ನ ಬಿಡಿ ಗ್ಲಿಟರನ್ನು ಹೊಸದಾಗಿ ಮಾರುಕಟ್ಟೆಗೆ ತರುವುದಕ್ಕೆ 2023ರ ಅಕ್ಟೋಬರ್ 17ರಿಂದ ನಿರ್ಬಂಧವಿದೆ. ಈ ಚೂರು ಕೊಳೆಯದೆ ನೀರು, ಮಣ್ಣಿನಲ್ಲಿ ಉಳಿದುಬಿಡುತ್ತದೆ, ಹಾಗಾಗಿ ಕಾಗದದ ಮೇಲೆ ಬಿದ್ದದ್ದನ್ನು ಮತ್ತೆ ಡಬ್ಬಿಗೆ ಸುರಿಯಿರಿ. ಕುಂಚ, ತಟ್ಟೆಗಳನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆಯಿರಿ, ಬಚ್ಚಲಿಗೆ ಹೋಗುವುದು ಅಷ್ಟಾದರೂ ಕಡಿಮೆಯಾಗುತ್ತದೆ.

ಗ್ಲಿಟರ್‌ಗಿಂತ ಚಮಕಿ ಮೇಲು ಎನ್ನುವವರು ನಾವು. ಉದುರುವುದಿಲ್ಲ, ಒಣಗಲು ಕಾಯಬೇಕಿಲ್ಲ, ಬೇಡವಾದರೆ ಬಿಚ್ಚಿ ಮತ್ತೆ ಬಳಸಬಹುದು. ಇಲ್ಲಿ ಲೆಕ್ಕ ಗೊತ್ತಿರಬೇಕು. ಚೆಂಡಿನ ವ್ಯಾಸ ದುಪ್ಪಟ್ಟಾದರೆ ಮೇಲ್ಮೈ ನಾಲ್ಕು ಪಟ್ಟಾಗುತ್ತದೆ, ಆದ್ದರಿಂದ ‘ಒಂದು ಪ್ಯಾಕೆಟ್ ಚಮಕಿ’ ಎಂಬ ಮಾತಿಗೆ ಅರ್ಥವೇ ಇಲ್ಲ. 8 ಮಿ.ಮೀ. ಚಮಕಿಯನ್ನು 6 ಮಿ.ಮೀ. ಅಂತರದಲ್ಲಿ, ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಚುಚ್ಚಿದರೆ ಬೇಕಾಗುವ ಸಂಖ್ಯೆಗೆ ಒಂದು ಸುಲಭ ಸೂತ್ರವಿದೆ: ಚೆಂಡಿನ ವ್ಯಾಸವನ್ನು ಸೆಂಟಿಮೀಟರ್‌ನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 10ರಿಂದ ಗುಣಿಸಿ. 5 ಸೆಂ.ಮೀ. ಚೆಂಡಿಗೆ 250, 7.5ಕ್ಕೆ ಸುಮಾರು 560, 10ಕ್ಕೆ 1,000. ಪಿನ್ನು, ಮಣಿಗಳೂ ಅಷ್ಟಷ್ಟೇ. ಅಂಚಿಗೆ ಅಂಚು ತಾಗುವಂತೆ ಮಾತ್ರ ಜೋಡಿಸಿದರೆ ಇದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಾಕು, ಆದರೆ ಸಂದಿಯಲ್ಲಿ ಚೆಂಡು ಕಾಣುತ್ತದೆ, ಮೊದಲೇ ಬಣ್ಣ ಹಚ್ಚಿರಬೇಕಾಗುತ್ತದೆ. ಒಂದು ಪಿನ್ನಿಗೆ ಹತ್ತು ಸೆಕೆಂಡ್ ಹಿಡಿದರೂ 7.5 ಸೆಂ.ಮೀ. ಚೆಂಡಿಗೆ ಒಂದೂವರೆ ತಾಸು ಬೇಕು. ‘ಅರ್ಧ ಗಂಟೆಯಲ್ಲಿ ಅರ್ಧ ಡಜನ್’ ಎಂಬಂಥ ತಲೆಬರಹ ಕೊಡುವವರು ಇದನ್ನೊಮ್ಮೆ ಗುಣಿಸಿ ನೋಡಲಿ.

ಪಿನ್ನಿನ ಉದ್ದ ಇದಕ್ಕಿಂತ ಮುಖ್ಯ. ಚಮಕಿ ಕೆಲಸಕ್ಕೆ ಬಳಸುವ ಗಿಡ್ಡ ಪಿನ್ 13 ಮಿ.ಮೀ. ಇರುತ್ತದೆ. ಟೈಲರ್‌ಗಳ ಉದ್ದನೆಯ ಗುಂಡುಸೂಜಿ ಅದರ ಎರಡು ಪಟ್ಟು. ಪ್ರತಿ ಪಿನ್ನೂ ಚೆಂಡಿನ ಮಧ್ಯಕ್ಕೇ ಮುಖ ಮಾಡಿರುತ್ತದೆ ಎಂಬುದನ್ನು ಮರೆಯಬೇಡಿ. 5 ಸೆಂ.ಮೀ. ಚೆಂಡಿನಲ್ಲಿ ಮೇಲ್ಮೈಯಿಂದ ಮಧ್ಯಕ್ಕೆ 25 ಮಿ.ಮೀ.; 13 ಮಿ.ಮೀ. ಪಿನ್ನುಗಳ ಮೊನೆಗಳ ನಡುವೆ ಇನ್ನೂ 3 ಮಿ.ಮೀ.ಯಷ್ಟು ಜಾಗ ಉಳಿಯುತ್ತದೆ. ಅದೇ 2.5 ಸೆಂ.ಮೀ. ಚೆಂಡಿನಲ್ಲಿ ಮಧ್ಯಕ್ಕೆ ಬರೀ 12.5 ಮಿ.ಮೀ. ಎಲ್ಲ ಮೊನೆಗಳೂ ಒಂದೇ ಕಡೆ ಹೋಗಿ ಗುದ್ದಾಡುತ್ತವೆ, ಮಧ್ಯಭಾಗ ಪುಡಿಯಾಗುತ್ತದೆ, ಕೊನೆಯ ನಲವತ್ತು ಐವತ್ತು ಪಿನ್ನುಗಳು ಒಳಗೇ ಇಳಿಯುವುದಿಲ್ಲ ಅಥವಾ ಮೊದಲು ಚುಚ್ಚಿದವು ಹೊರಗೆ ಬರುತ್ತವೆ. 4 ಸೆಂ.ಮೀ.ಗಿಂತ ಸಣ್ಣ ಚೆಂಡಿಗೆ ಪಿನ್ ಬೇಡ, ಚಮಕಿಯನ್ನು ಗೋಂದಿನಿಂದ ಅಂಟಿಸಿ. ಟೈಲರ್ ಸೂಜಿಯೇ ಕೈಯಲ್ಲಿದ್ದರೆ 7.5 ಸೆಂ.ಮೀ.ಗಿಂತ ಚಿಕ್ಕ ಚೆಂಡಿಗೆ ಕೈ ಹಾಕಬೇಡಿ.

ಚುಚ್ಚುವ ಕ್ರಮ ಹೀಗೆ: ಚೆಂಡಿನ ನಡುಸುತ್ತಿಗೆ ಒಂದು ರಬ್ಬರ್ ಬ್ಯಾಂಡ್, ಮೇಲಿಂದ ಕೆಳಕ್ಕೆ ಅಡ್ಡಡ್ಡಲಾಗಿ ಎರಡು ಬ್ಯಾಂಡ್ ಹಾಕಿ ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಳ್ಳಿ. ಪಿನ್ನಿಗೆ ಮೊದಲು ಪುಟ್ಟ ಗಾಜಿನ ಮಣಿ, ಆಮೇಲೆ ಚಮಕಿ ಪೋಣಿಸಿ. ಮಣಿ ಇಲ್ಲದಿದ್ದರೆ ಸಣ್ಣ ತಲೆಯ ಪಿನ್ ಚಮಕಿಯ ತೂತಿನಲ್ಲಿ ನುಸುಳಿಹೋಗುತ್ತದೆ. ಬಟ್ಟಲಿನಂತೆ ಬಾಗಿದ ಚಮಕಿಯಾದರೆ ಅದರ ಒಳಬದಿ ಹೊರಕ್ಕೆ ಮುಖ ಮಾಡಲಿ, ಬೆಳಕು ಅದರ ಪಟ್ಟಿಗಳಲ್ಲಿ ಒಡೆದು ಮಿನುಗುತ್ತದೆ. ಬೆನ್ನು ಹೊರಗಾದರೆ ಒಂದೇ ಚುಕ್ಕೆ ಹೊಳೆಯುತ್ತದೆ. ಕೆಳಗಿನ ತುದಿಯಿಂದ ಸುತ್ತುಸುತ್ತಾಗಿ ಮೇಲಕ್ಕೆ ಬನ್ನಿ, ಹಂಚು ಹೊದಿಸಿದ ಹಾಗೆ ಮೇಲಿನ ಸಾಲು ಕೆಳಗಿನ ಸಾಲಿನ ಅಂಚುಗಳನ್ನು ಮುಚ್ಚಿಕೊಂಡು ಬರುತ್ತದೆ. 7.5 ಸೆಂ.ಮೀ. ಚೆಂಡಿನ ನಡುಸುತ್ತಿನಲ್ಲಿ 39 ಚಮಕಿ ಹಿಡಿಯುತ್ತದೆ. ತುದಿಗಳ ಕಡೆ ಹೋದಂತೆ ಪ್ರತಿ ಸುತ್ತಿನಲ್ಲೂ ಇದು ಕಡಿಮೆಯಾಗಬೇಕು. ಅದನ್ನು ಗಮನಿಸದೆ ಅಷ್ಟೇ ಚಮಕಿ ತುರುಕಿದರೆ ಅವು ನೆಟ್ಟಗೆ ಎದ್ದು ನಿಲ್ಲುತ್ತವೆ. ಪಿನ್ನಿನ ಮೊನೆಯನ್ನು ಗೋಂದಿಗೆ ಸುಮ್ಮನೆ ತಾಗಿಸಿ ಚುಚ್ಚಿದರೆ ಮುಂದೆ ಸಡಿಲವಾಗುವುದಿಲ್ಲ. ಆದರೆ ಚಮಕಿಯನ್ನು ಬಿಚ್ಚಿ ಮತ್ತೆ ಬಳಸುವ ಆಸೆ ಬಿಡಬೇಕಾಗುತ್ತದೆ. ಉಕ್ಕಿನ ಪಿನ್ನಿಗೆ ಗೋಂದಿನ ತೇವದಿಂದ ತುಕ್ಕು ಹಿಡಿಯುವುದುಂಟು, ತಿಳಿ ಬಣ್ಣದ ಚಮಕಿಗೆ ಹಿತ್ತಾಳೆಯ ಪಿನ್ ಒಳ್ಳೆಯದು. ಹೆಬ್ಬೆರಳಿಗೆ ಬೆರಳುಕವಚ ಹಾಕಿಕೊಳ್ಳಿ, ಇನ್ನೂರು ಪಿನ್ನಿನ ನಂತರ ಅದರ ಬೆಲೆ ತಿಳಿಯುತ್ತದೆ.

ಜರಿ ಬಟ್ಟೆಯ ಚೆಂಡಿಗೆ ಅಂಟೂ ಬೇಡ, ಪಿನ್ನೂ ಬೇಡ. ಚೆಂಡಿನ ಮೇಲೆ ತುದಿಯಿಂದ ತುದಿಗೆ ಎಂಟು ಗೆರೆ ಎಳೆದು, ಅದರ ಮೇಲೆ ಹರಿತವಾದ ಚಾಕುವಿನಿಂದ 5 ಮಿ.ಮೀ. ಆಳ ಕೊಯ್ಯಿರಿ. ಚಾಕುವಿಗೆ ಮೇಣ ಸವರಿಕೊಂಡರೆ ಕಿರುಗುಟ್ಟದೆ ಸಾಗುತ್ತದೆ, ಕಾಳೂ ಏಳುವುದಿಲ್ಲ. 7.5 ಸೆಂ.ಮೀ. ಚೆಂಡಿನ ಒಂದೊಂದು ಹೋಳು ನಡುವೆ 3 ಸೆಂ.ಮೀ. ಅಗಲ, ತುದಿಯಿಂದ ತುದಿಗೆ 11.8 ಸೆಂ.ಮೀ. ಉದ್ದ. ಬಟ್ಟೆಯನ್ನು 4 ಸೆಂ.ಮೀ. ಅಗಲ, 13 ಸೆಂ.ಮೀ. ಉದ್ದದ ಎಲೆಯಾಕಾರದಲ್ಲಿ ಕತ್ತರಿಸಿ, ಅಂಚನ್ನು ಉಗುರು ಉಜ್ಜುವ ಅರದ ತುದಿಯಿಂದ ಸೀಳಿನೊಳಗೆ ತುರುಕಿ. ಮಧ್ಯದಿಂದ ತುದಿಗಳ ಕಡೆಗೆ ಹೋಗಬೇಕು. ಓರೆ ಕತ್ತರಿಸಿದ ಬಟ್ಟೆ ಚೆಂಡಿನ ಉಬ್ಬಿಗೆ ಒಗ್ಗುತ್ತದೆ, ನೇರ ಎಳೆಯದು ಸುಕ್ಕುಗಟ್ಟುತ್ತದೆ.

ಆಭರಣಕ್ಕೆ ಬಂದರೆ ಥರ್ಮಾಕೋಲ್‌ನ ದೊಡ್ಡ ಗುಣ ಹಗುರ. 15 ಮಿ.ಮೀ. ಚೆಂಡು ಒಂದು ಗ್ರಾಮಿನ ಹತ್ತರಲ್ಲಿ ಒಂದು ಪಾಲೂ ತೂಗುವುದಿಲ್ಲ, ಆದ್ದರಿಂದ ದಪ್ಪ ಗುಂಡಿನ ಜೋಲುವ ಓಲೆ ಹಾಕಿದರೂ ಕಿವಿ ಜಗ್ಗುವುದಿಲ್ಲ. ತೊಂದರೆಯಿರುವುದು ತೂತಿನಲ್ಲಿ. ದಾರ ಅತ್ತಿತ್ತ ಉಜ್ಜಿ ಉಜ್ಜಿ ಥರ್ಮಾಕೋಲನ್ನು ಕೊಯ್ಯುತ್ತದೆ, ಕೆಲವೇ ದಿನಗಳಲ್ಲಿ ಗುಂಡು ಓಲಾಡತೊಡಗುತ್ತದೆ. ಕಿವಿ ಸ್ವಚ್ಛ ಮಾಡುವ ಬಡ್ಸ್‌ನ ಟೊಳ್ಳು ಕಡ್ಡಿಯನ್ನು ಗುಂಡಿನ ಅಳತೆಗೆ ಕತ್ತರಿಸಿ, ಗೋಂದು ಹಚ್ಚಿ ತೂತಿನೊಳಗೆ ಕೂರಿಸಿದರೆ ಆ ಕಾಟವೇ ಇಲ್ಲ. ಬಿಸಿ ಸೂಜಿಯಿಂದ ತೂತು ಮಾಡುವ ಅಭ್ಯಾಸ ಬೇಡ. ತೂತು ಬೇಕಾದ್ದಕ್ಕಿಂತ ದೊಡ್ಡದಾಗುತ್ತದೆ, ಏಳುವ ಹೊಗೆ ಉಸಿರಾಟಕ್ಕೆ ಕೆಟ್ಟದ್ದು.

ಗುಂಡಿಗೆ ಜರಿ ದಾರ ಸುತ್ತುವುದರಲ್ಲಿ ಒಂದು ತಪ್ಪು ಪದ್ಧತಿ ಗಟ್ಟಿಯಾಗಿ ಬೇರೂರಿದೆ. ಸೂಜಿಯಿಂದ ದಾರವನ್ನು ತೂತಿನ ಮೂಲಕ ಹಾಯಿಸಿ, ಹೊರಗಿಂದ ತಂದು, ಮತ್ತೆ ತೂತಿಗೇ ಹಾಕುವುದು. ಮರದ ಅಗಲ ತೂತಿನ ಮಣಿಗೆ ಇದು ಸರಿ. 15 ಮಿ.ಮೀ. ಗುಂಡಿನ ಸುತ್ತಳತೆ 47 ಮಿ.ಮೀ.; ಅರ್ಧ ಮಿ.ಮೀ. ದಪ್ಪದ ದಾರವಾದರೆ 94 ಎಳೆ ಬೇಕು. 2 ಮಿ.ಮೀ. ತೂತಿನಲ್ಲಿ ಅಷ್ಟು ಎಳೆ ಹಿಡಿಯುವುದೇ ಇಲ್ಲ, ಕಾಲು ಭಾಗ ಮುಗಿಯುವ ಮೊದಲೇ ತೂತು ಕಟ್ಟಿಕೊಳ್ಳುತ್ತದೆ. ಬದಲಿಗೆ ತೂತಿನ ಬಾಯಿಂದ ಶುರುಮಾಡಿ ಸುರುಳಿಯಾಗಿ ಸುತ್ತಿ. ಬೇಕಾಗುವ ದಾರ ಸುಮಾರು 1.4 ಮೀಟರ್, 20 ಮಿ.ಮೀ. ಗುಂಡಿಗೆ 2.5 ಮೀಟರ್. ಒಂದೇ ದಾರದಲ್ಲಿ ಈ ತುದಿಯಿಂದ ಆ ತುದಿಗೆ ಸುತ್ತಲು ಹೋದರೆ ನಡು ದಾಟಿದ ಮೇಲೆ ಇಳಿಜಾರಿನಲ್ಲಿ ಎಳೆಗಳು ಮುಂದಕ್ಕೆ ಜಾರಿ ಸಂದಿ ಬೀಳುತ್ತದೆ. ದಾರವನ್ನು ಎರಡು ತುಂಡು ಮಾಡಿ, ಎರಡೂ ತುದಿಗಳಿಂದ ಆರಂಭಿಸಿ ನಡುವಿನಲ್ಲಿ ಸೇರಿಸಬೇಕು. ಆಗ ಪ್ರತಿ ಹೊಸ ಸುತ್ತೂ ಹಿಂದಿನದಕ್ಕೆ ಒತ್ತಿಕೊಂಡು ಕೂರುತ್ತದೆ. ನಡುವಿನ ಬೆಸುಗೆಯನ್ನು ಒಂದು ಸಾಲು ಮಣಿ ಅಥವಾ ಸಣ್ಣ ಚೈನು ಮುಚ್ಚುತ್ತದೆ. ಗೋಂದನ್ನು ಒಮ್ಮೆಗೆ 5 ಮಿ.ಮೀ. ಅಗಲದ ಪಟ್ಟಿಯಷ್ಟೇ ಹಚ್ಚಿ, ಎರಡು ನಿಮಿಷ ಬಿಟ್ಟು ಜಿಗುಟಾದ ಮೇಲೆ ಸುತ್ತಿ. ಹಸಿ ಗೋಂದು ಜರಿಯ ಮೇಲೆ ಉಕ್ಕಿದರೆ ಹೊಳಪು ಸತ್ತಂತೆಯೇ.

ಓಲೆಗೆ ತಲೆ ಚಪ್ಪಟೆಯಾದ 0.8 ಮಿ.ಮೀ. ತಂತಿಯ ಪಿನ್ನಿನಲ್ಲಿ ಮೊದಲು ಬೀಡ್ ಕ್ಯಾಪ್ (ಗುಂಡಿನ ತುದಿಗೆ ಕೂರುವ ಪುಟ್ಟ ಟೊಪ್ಪಿ), ಆಮೇಲೆ ಗುಂಡು, ಮತ್ತೊಂದು ಕ್ಯಾಪ್ ಹಾಕಿ, ಉಳಿದ ತಂತಿಯನ್ನು 9 ಮಿ.ಮೀ.ಗೆ ಕತ್ತರಿಸಿ ದುಂಡು ಮೂತಿಯ ಇಕ್ಕಳದಿಂದ ಬಳೆಯಂತೆ ಬಗ್ಗಿಸಿ ಕೊಕ್ಕೆಗೆ ಸೇರಿಸಿ. ಕ್ಯಾಪ್ ಇಲ್ಲದೆ ಬಗ್ಗಿಸಿದರೆ ಇಕ್ಕಳದ ಒತ್ತಡಕ್ಕೆ ಗುಂಡಿನ ತಲೆ ಅಪ್ಪಚ್ಚಿಯಾಗುತ್ತದೆ. ಕಿವಿ ಕೆರೆದು ಕೆಂಪಾಗುವವರಿಗೆ ನಿಕಲ್ ಕಾರಣವಿರಬಹುದು, ಟೈಟಾನಿಯಂ ಕೊಕ್ಕೆ ಬಳಸಿ. ಸರಕ್ಕೆ ಹಗುರವೇ ಶತ್ರು: ಬರೀ ಥರ್ಮಾಕೋಲ್ ಗುಂಡಿನ ಸರ ಕತ್ತಿಗೆ ಒಗ್ಗಿ ಬೀಳದೆ ಮೇಲಕ್ಕೇರಿ ತಿರುಚಿಕೊಳ್ಳುತ್ತದೆ. ಎರಡು ಗುಂಡಿನ ನಡುವೆ 6 ಮಿ.ಮೀ.ಯ ಗಾಜಿನ ಮಣಿ ಹಾಕಿದರೆ ಭಾರ ಸಿಗುತ್ತದೆ. ಆ ಲೆಕ್ಕದಲ್ಲಿ ಮುಂಭಾಗದ 26 ಸೆಂ.ಮೀ.ಗೆ 20 ಮಿ.ಮೀ. ಗುಂಡು ಹತ್ತು ಸಾಕು. ಬಿಳಿ ಗೋಂದು ಒಣಗಿದ ಮೇಲೂ ಬೆವರಿಗೆ ಮತ್ತೆ ಮೆತ್ತಗಾಗುತ್ತದೆ, ಆದ್ದರಿಂದ ಆಭರಣಕ್ಕೆ ನೀರಿನ ಮೂಲದ ಪಾಲಿಯುರೆಥೇನ್ ವಾರ್ನಿಷ್ ಎರಡು ಕೈ ಹಚ್ಚಿ ಪೂರ್ತಿ ಒಂದು ದಿನ ಒಣಗಿಸಿ. ಸೆಂಟು ಹಾಕಿಕೊಳ್ಳುವುದಿದ್ದರೆ ಮೊದಲು ಅದು ಆಗಲಿ, ಆಭರಣ ಆಮೇಲೆ.

ಅಪಾಯದ ಮಾತನ್ನೂ ಬರಹದ ಜೊತೆಗೇ ಹಾಕಬೇಕು. ಪಿನ್ ಚುಚ್ಚಿದ ಚೆಂಡು ಆಟದ ಸಾಮಾನಲ್ಲ. 3 ಸೆಂ.ಮೀ.ಗಿಂತ ಸಣ್ಣ ಗುಂಡುಗಳು, ಬಿಡಿ ಮಣಿಗಳು ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಿಗಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಥರ್ಮಾಕೋಲ್‌ಗೆ ಬೆಂಕಿ ಬೇಗ ಹತ್ತಿ ಕಪ್ಪು ಹೊಗೆ ಬರುತ್ತದೆ. ದೀಪ, ಮೇಣದಬತ್ತಿ, ಬಿಸಿಯಾಗುವ ಹಳೆಯ ಬಲ್ಬುಗಳ ಹತ್ತಿರ ಇವನ್ನು ತೂಗುಹಾಕಬೇಡಿ. ಎಲ್‌ಇಡಿ ಸರವಾದರೆ ಅಡ್ಡಿಯಿಲ್ಲ.

ಎತ್ತಿಡುವಾಗ ಮೊಟ್ಟೆಯ ಟ್ರೇ ಅಥವಾ ರಟ್ಟಿನ ಡಬ್ಬಿ ಒಳ್ಳೆಯದು, ಒಂದೊಂದನ್ನೂ ಟಿಶ್ಯೂ ಕಾಗದದಲ್ಲಿ ಸುತ್ತಿರಬೇಕು. ಮೆತ್ತನೆಯ ಪಾರದರ್ಶಕ ಪಿವಿಸಿ ಚೀಲದಲ್ಲಿ ಮಾತ್ರ ಇಡಬೇಡಿ. ಪಿವಿಸಿಯನ್ನು ಮೆತ್ತಗಿಡಲು ಬೆರೆಸುವ ಎಣ್ಣೆಯಂಥ ರಾಸಾಯನಿಕ ನಿಧಾನವಾಗಿ ಹೊರಬಂದು ಪಾಲಿಸ್ಟೈರೀನನ್ನು ತಿನ್ನುತ್ತದೆ. ಒಂದು ವರ್ಷ ಬಿಟ್ಟು ತೆಗೆದರೆ ಚೀಲಕ್ಕೆ ತಾಗಿದ ಕಡೆಯೆಲ್ಲ ಚೆಂಡು ಕುಳಿಬಿದ್ದು ಅಂಟಿಕೊಂಡಿರುತ್ತದೆ, ಮಾಡಿದವರಿಗೆ ಯಾಕೆಂದೂ ಹೊಳೆಯುವುದಿಲ್ಲ.

ನಿಮ್ಮ ಪುರವಣಿಯವರಲ್ಲಿ ನಮ್ಮ ಕೋರಿಕೆ ಚಿಕ್ಕದು. ಇಂಥ ಬರಹದ ಪಕ್ಕ ಒಂದು ಪುಟ್ಟ ಚೌಕದಲ್ಲಿ ಚೆಂಡಿನ ವ್ಯಾಸ, ಅಂಟು ಹಾಗೂ ಬಣ್ಣ ನೀರಿನ ಮೂಲದ್ದೇ ಎಂಬುದು, ಪಿನ್ನಿನ ಉದ್ದ, ಚಮಕಿ ಅಥವಾ ದಾರದ ಲೆಕ್ಕ, ನಿಜವಾಗಿ ಹಿಡಿಯುವ ಸಮಯ ಇಷ್ಟನ್ನು ಅಚ್ಚುಮಾಡಿ. ಜಾಗ ಸಾಲದಿದ್ದರೆ ಚಿತ್ರವನ್ನು ಒಂದು ಕಾಲಂ ಕಿರಿದು ಮಾಡಬಹುದು.

ವಂದನೆಗಳೊಂದಿಗೆ,
ಕರಕುಶಲ ಕಲಿಸುವ ಕೆಲವು ಓದುಗರು